ಅಂಬಿಕಾನಗರದ ಕುಸ್ವಾರ್ ತಟ್ಟೆ

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ರಸ್ತೆಯಲ್ಲಿ ಡಿಸೆಂಬರ್ ಕೊನೆಗೆ ಬೆಳಿಗ್ಗೆ ಒಂಬತ್ತಾದರೂ ಮಂಜು ಪೂರ್ತಿ ಕರಗಿರುವುದಿಲ್ಲ. ಕುಳಗಿ ದಾಟಿದ ಮೇಲಂತೂ ಎರಡೂ ಕಡೆ ಸಾಗವಾನಿ, ಬಿದಿರು, ಮಧ್ಯೆ ಮಧ್ಯೆ ‘ವನ್ಯಪ್ರಾಣಿಗಳಿವೆ, ನಿಧಾನವಾಗಿ ಚಲಿಸಿ’ ಅನ್ನುವ ಬೋರ್ಡು. ಮೊಬೈಲ್ ಸಿಗ್ನಲ್ ಒಂದೊಂದೇ ಕಡ್ಡಿ ಕಳೆದುಕೊಂಡು ಕೊನೆಗೆ ಕೈ ಎತ್ತಿಬಿಡುತ್ತದೆ. ಇಷ್ಟೆಲ್ಲ ಕಾಡು ದಾಟಿ ಹೋದರೆ ಎದುರಿಗೆ ಬರುವುದು ಹಳ್ಳಿಯಲ್ಲ, ಪೇಟೆಯೂ ಅಲ್ಲ. ಸಾಲುಸಾಲಾಗಿ ಒಂದೇ ನಮೂನೆಯ ಮನೆಗಳು, ಅಳತೆ ಹಿಡಿದು ಹಾಕಿದ ರಸ್ತೆಗಳು, ಪ್ರತಿ ಮನೆಗೂ ಒಂದು ನಂಬರು. ಕರ್ನಾಟಕ ವಿದ್ಯುತ್ ನಿಗಮ ಕಾಳಿ ಯೋಜನೆಗೆ ಅಂತ ಕಾಡಿನ ನಡುವೆ ಕಟ್ಟಿದ ಕಾಲೊನಿ ಅದು.

ಪ್ರವಾಸಕ್ಕೆ ಬರುವವರು ಸಾಮಾನ್ಯವಾಗಿ ದಾಂಡೇಲಿಯಲ್ಲೇ ನಿಂತುಬಿಡುತ್ತಾರೆ. ರಾಫ್ಟಿಂಗ್, ರೆಸಾರ್ಟು, ಸಫಾರಿ, ಮುಗೀತು. ಅಂಬಿಕಾನಗರದವರೆಗೆ ಬರುವವರು ಸೈಕ್ಸ್ ಪಾಯಿಂಟ್‌ನಲ್ಲಿ ಕಣಿವೆ ನೋಡಿ, ಫೋಟೋ ತೆಗೆದು ವಾಪಸ್. ಕ್ರಿಸ್‌ಮಸ್ ಅಂದರೆ ಜನಕ್ಕೆ ಗೋವಾ ನೆನಪಾಗುತ್ತೆ, ಮಂಗಳೂರು ನೆನಪಾಗುತ್ತೆ, ಬೆಂಗಳೂರಿನ ಮಾಲ್‌ಗಳಲ್ಲಿ ನಿಲ್ಲಿಸುವ ಮೂರು ಮಹಡಿ ಎತ್ತರದ ಮರ ನೆನಪಾಗುತ್ತೆ. ನನಗೆ ನೆನಪಾಗುವುದು ಮಾತ್ರ ಈ ಕಾಲೊನಿಯ ಒಂದು ಅಡುಗೆಮನೆ, ಮತ್ತು ಅಲ್ಲಿಯ ಒಂದು ಹಳೆಯ ಬಿಸ್ಕೆಟ್ ಡಬ್ಬಿ.

ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಅಪ್ಪ ನಾಗಝರಿ ಪವರ್‌ಹೌಸಿನಲ್ಲಿ ಕೆಲಸದಲ್ಲಿದ್ದರು. ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮಾಡಿ, ಈಗ ಎಲ್ಲರಂತೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅಪ್ಪ ನಿವೃತ್ತರಾದ ಮೇಲೆ ಅಮ್ಮ-ಅಪ್ಪ ಧಾರವಾಡಕ್ಕೆ ಬಂದರು. ಕಾಲೊನಿ ಮಕ್ಕಳ ಕಷ್ಟ ಏನಪ್ಪಾ ಅಂದರೆ, ‘ನಿಮ್ಮೂರು ಯಾವುದು’ ಅಂತ ಯಾರಾದರೂ ಕೇಳಿದರೆ ಅಂಬಿಕಾನಗರ ಅಂತ ಬಾಯಿಗೆ ಬರುತ್ತೆ, ಆದರೆ ಅಲ್ಲಿ ನಮ್ಮದು ಅನ್ನುವ ಒಂದು ಗೋಡೆಯೂ ಇಲ್ಲ. ಮನೆ ನಿಗಮದ್ದು, ಜಾಗ ನಿಗಮದ್ದು, ಸುತ್ತಲಿನ ಕಾಡು ಅರಣ್ಯ ಇಲಾಖೆಯದು. ಯಾರದ್ದಾದರೂ ಕ್ವಾರ್ಟರ್ಸ್ ಇರುವವರೆಗೆ ಆ ಊರಿಗೆ ನಾವು ಹೋಗಬಹುದು, ಅಷ್ಟೆ.

ನಮಗೆ ಹಾಗೆ ಉಳಿದಿದ್ದ ಮನೆ ಒಂದೇ. ಪಕ್ಕದ ಮನೆ ಆಂಟಿಯದು. ಹಳಿಯಾಳದ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಕುಟುಂಬ. ಅಂಕಲ್‌ಗೆ ಈ ವರ್ಷ ನಿವೃತ್ತಿ, ಅದೂ ಡಿಸೆಂಬರ್ ಮೂವತ್ತೊಂದಕ್ಕೇ. ನವೆಂಬರಿನಲ್ಲಿ ಆಂಟಿ ಫೋನ್ ಮಾಡಿದರು: “ಈ ಸಲ ಮಕ್ಕಳನ್ನ ಕರಕೊಂಡು ಬಾ ಪುತಾ. ಮುಂದಿನ ವರ್ಷ ಎಲ್ಲಿರ್ತೇವೋ, ಓವನ್ ಎಲ್ಲಿರುತ್ತೋ.” ಡಿಸೆಂಬರ್ ಕೊನೆಗೆ ನಮ್ಮ ಕ್ಲೈಂಟುಗಳೆಲ್ಲ ರಜೆಯ ಮೇಲೆ ಹೋಗಿರುತ್ತಾರೆ, ಹೊಸ ಕೋಡ್ ಯಾರೂ ಹಾಕುವಂತಿಲ್ಲ, ಹಾಗಾಗಿ ರಜೆ ಸಿಗುವುದು ಕಷ್ಟವಲ್ಲ. ಐದು ವರ್ಷದ ಮಗಳು, ಅಣ್ಣನ ಎಂಟು ವರ್ಷದ ಮಗ, ನಾನು. ರಾತ್ರಿ ರೈಲಿಗೆ ಧಾರವಾಡ, ಅಲ್ಲಿಂದ ಹಳಿಯಾಳ, ದಾಂಡೇಲಿ ಮೇಲೆ ಬಸ್ಸು.

“ಬರೀ ಕೇಕ್ ತಿನ್ನೋಕೆ ಇಷ್ಟು ದೂರಾನಾ?” ಅಂತ ಅಣ್ಣನ ಮಗ ಕೇಳಿದ. ಬೆಂಗಳೂರಿನಲ್ಲಿ ಆ್ಯಪ್ ಒತ್ತಿದರೆ ಹತ್ತು ನಿಮಿಷಕ್ಕೆ ಪ್ಲಮ್ ಕೇಕ್ ಬರುತ್ತೆ, ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ.

ಆದರೆ ಇಲ್ಲಿ ಕೇಕ್ ಬರುವುದು ಕೊನೆಗೆ. ಮೊದಲು ಕುಸ್ವಾರ್. ಕ್ರಿಸ್‌ಮಸ್‌ಗೆ ಮಾಡುವ ಹತ್ತಾರು ತರಹದ ಸಿಹಿ-ಖಾರ ತಿಂಡಿಗಳಿಗೆ ಒಟ್ಟಾಗಿ ಮಂಗಳೂರು ಕಡೆಯ ಕ್ರೈಸ್ತರು ಇಟ್ಟುಕೊಂಡ ಹೆಸರು ಅದು. ಗೋವಾದವರ ಪಟ್ಟಿಯಲ್ಲಿ ಬೆಬಿಂಕಾ, ದೋದೋಲ್ ಸೇರಿಕೊಳ್ಳುತ್ತವೆ. ಅಂಬಿಕಾನಗರ, ದಾಂಡೇಲಿ ಕಡೆಯ ತಟ್ಟೆಯಲ್ಲಿ ಎರಡೂ ಕಡೆಯದು ಇರುತ್ತೆ. ಅದಕ್ಕೆ ಕಾರಣ ಇದೆ. ದಾಂಡೇಲಿಯಲ್ಲಿ ಪೇಪರ್ ಮಿಲ್ ಶುರುವಾಯಿತು, ಮರದ ಡಿಪೋಗಳಿದ್ದವು, ಆಮೇಲೆ ಕಾಳಿ ಯೋಜನೆ ಬಂತು. ಕೆಲಸ ಹುಡುಕಿಕೊಂಡು ಗೋವಾದಿಂದ, ಮಂಗಳೂರಿನಿಂದ, ಕೇರಳದಿಂದ, ಆಂಧ್ರದಿಂದ ಜನ ಬಂದರು. ಹಳಿಯಾಳ ಸುತ್ತಿನ ಹಳ್ಳಿಗಳಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ಕೊಂಕಣಿ ಕ್ಯಾಥೊಲಿಕರಿದ್ದಾರೆ, ಸಿದ್ದಿ ಸಮುದಾಯದ ಕ್ರೈಸ್ತರಿದ್ದಾರೆ. ಎಲ್ಲರೂ ತಮ್ಮ ತಮ್ಮ ಮನೆಯ ತಿಂಡಿ ತಂದರು. ಕಾಲೊನಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರ ಎಣ್ಣೆ ಕಾದರೆ ನಾಲ್ಕು ಮನೆಗೆ ವಾಸನೆ. ಹಾಗೆ ಒಬ್ಬರದು ಇನ್ನೊಬ್ಬರಿಗೆ ಬಂತು.

ಮಕ್ಕಳಿಗೆ ಅತಿ ಹೆಚ್ಚು ಕೆಲಸ ಕೊಡುವ ತಿಂಡಿ ಕಿಡಿಯೋ. ಕೊಂಕಣಿಯಲ್ಲಿ ಹಾಗಂದರೆ ಹುಳುಗಳು! ಹೆಸರು ಕೇಳಿದ ಕೂಡಲೇ ನನ್ನ ಮಗಳು “ಛೀ” ಅಂದಳು, ಐದು ನಿಮಿಷಕ್ಕೆ ಅವಳೇ ಹುಳ ಮಾಡುತ್ತ ಕೂತಿದ್ದಳು. ಕೆಲವರು ಕುಲ್‌ಕುಲ್ ಅಂತಲೂ ಅನ್ನುತ್ತಾರೆ. ಮಾಡುವುದು ಸುಲಭ, ನೀವೂ ಮನೆಯಲ್ಲಿ ಮಾಡಬಹುದು. 2 ಕಪ್ ಮೈದಾ, 2 ಚಮಚ ಚಿರೋಟಿ ರವೆ, 2 ಚಮಚ ಪುಡಿ ಸಕ್ಕರೆ, ಚಿಟಿಕೆ ಉಪ್ಪು. ಇದಕ್ಕೆ 2 ಚಮಚ ತುಪ್ಪ ಚೆನ್ನಾಗಿ ಕಾಯಿಸಿ ಸುರಿದು, ಕೈಯಿಂದ ತಿಕ್ಕಿ ತಿಕ್ಕಿ ಬೆರೆಸಬೇಕು. ಆಮೇಲೆ ಗಟ್ಟಿ ತೆಂಗಿನಹಾಲು ಸ್ವಲ್ಪ ಸ್ವಲ್ಪವೇ ಹಾಕಿ ಪೂರಿ ಹಿಟ್ಟಿನ ಹದಕ್ಕೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಲಿಗಿಂತ ಸಣ್ಣ ಉಂಡೆ ಮಾಡಿ, ಫೋರ್ಕಿನ ಬೆನ್ನ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಿ ಬಿಡಿಸಿದರೆ ಮೈಮೇಲೆ ಗೆರೆ ಗೆರೆ ಬಿದ್ದ ಹುಳ ತಯಾರು. ಫೋರ್ಕ್ ಸಾಲದಿದ್ದರೆ ಹೊಸ ಬಾಚಣಿಗೆ. ಆಂಟಿ ಮನೆಯಲ್ಲಿ ಇದಕ್ಕೇ ಅಂತ ಎತ್ತಿಟ್ಟ ನಾಲ್ಕು ಬಾಚಣಿಗೆ ಇವೆ, ಅವು ತಲೆ ಕಂಡೇ ಇಲ್ಲ.

ಸಣ್ಣ ಉರಿಯಲ್ಲಿ ಕರಿಯುವುದು ದೊಡ್ಡವರ ಕೆಲಸ. ಉರಿ ಹೆಚ್ಚಾದರೆ ಹೊರಗೆ ಕೆಂಪು, ಒಳಗೆ ಹಸಿ. ಒಂದು ಕಪ್ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಗಟ್ಟಿ ಪಾಕ ಮಾಡಿ, ಕರಿದ ಕಿಡಿಯೋ ಅದರಲ್ಲಿ ಹಾಕಿ ಬಿಡದೆ ಕೈಯಾಡಿಸಿದರೆ ಮೇಲೆ ಬಿಳಿ ಪದರ ಕೂತುಕೊಳ್ಳುತ್ತದೆ.

ಇದರಲ್ಲಿ ಆಟ ಎಲ್ಲಿ ಬಂತು ಅಂದರೆ, ಲೆಕ್ಕದಲ್ಲಿ. ನಾವು ಸಣ್ಣವರಿದ್ದಾಗ ಚಾಪೆ ಹಾಸಿ ಏಳೆಂಟು ಮಕ್ಕಳು ಸುತ್ತಲೂ ಕೂರುತ್ತಿದ್ದೆವು. ಯಾರು ನೂರು ಮಾಡುತ್ತಾರೋ ಅವರಿಗೆ ಮೊದಲ ಘಾಣ. ಈಗಲೂ ಅದೇ ನಿಯಮ. ಅಣ್ಣನ ಮಗ ನೂರು ಮುಟ್ಟಿಸಲು ಕಡಲೆಕಾಳಿನಷ್ಟು ಸಣ್ಣ ಸಣ್ಣದು ಮಾಡತೊಡಗಿದ. ಆಂಟಿ ನೋಡಿ, “ಇದು ಹುಳ ಅಲ್ಲ, ಹುಳದ ತತ್ತಿ” ಅಂದರು. ತತ್ತಿಗಳೆಲ್ಲ ಲೆಕ್ಕದಿಂದ ಹೊರಗೆ.

ಎರಡನೆಯದು ನೆವ್ರಿ. ಇದರ ಬಗ್ಗೆ ನಮ್ಮಮ್ಮ ಮತ್ತು ಆಂಟಿಯ ನಡುವೆ ಇಪ್ಪತ್ತು ವರ್ಷದ ವಾದ ಇದೆ. ಆಂಟಿ ಕ್ರಿಸ್‌ಮಸ್‌ಗೆ ಮಾಡುವ ನೆವ್ರಿಯೂ ನಮ್ಮಮ್ಮ ದೀಪಾವಳಿಗೆ ಮಾಡುವ ಕರ್ಚಿಕಾಯಿಯೂ ನೋಡಲು ಅವಳಿ ಜವಳಿ. ಅದೇ ಅರ್ಧಚಂದ್ರ, ಅಂಚು ಕತ್ತರಿಸುವ ಅದೇ ಹಲ್ಲಿನ ಚಕ್ರ. ಹೂರಣ ಮಾತ್ರ ಬೇರೆ. ಅಮ್ಮನದು ಒಣಕೊಬ್ಬರಿ, ಪುಟಾಣಿ, ಗಸಗಸೆ, ಸಕ್ಕರೆ ಪುಡಿ. ಆಂಟಿ ರವೆ, ಎಳ್ಳು, ಕೊಬ್ಬರಿ, ದ್ರಾಕ್ಷಿ, ಗೋಡಂಬಿ ಚೂರು ಹಾಕುತ್ತಾರೆ. ಯಾರದು ಯಾರಿಂದ ಬಂತು ಅನ್ನುವುದೇ ವಾದ. ನನ್ನ ಪ್ರಕಾರ ವಾದ ಮಾಡುವ ವಿಷಯವೇ ಅಲ್ಲ ಇದು. ಗೋವಾದಲ್ಲಿ ಹಿಂದೂಗಳು ಗಣೇಶ ಚೌತಿಗೆ ನೆವ್ರಿ ಮಾಡುತ್ತಾರೆ, ಕ್ರೈಸ್ತರು ಕ್ರಿಸ್‌ಮಸ್‌ಗೆ ಮಾಡುತ್ತಾರೆ. ಧರ್ಮ ಬದಲಾದರೂ ನಾಲಿಗೆ ಬದಲಾಗಿಲ್ಲ. ವಿಚಿತ್ರ ಅಂದರೆ ನಮ್ಮೆರಡು ಮನೆಗೂ ಇದ್ದದ್ದು ಒಂದೇ ಕತ್ತರಿಸುವ ಚಕ್ರ. ದೀಪಾವಳಿಗೆ ಗೋಡೆ ಆಚೆಯಿಂದ ನಮ್ಮ ಮನೆಗೆ ಬರುತ್ತಿತ್ತು, ಡಿಸೆಂಬರಿಗೆ ವಾಪಸ್.

ಗುಲಾಬಿ ಹೂವಿನ ಆಕಾರದ ರೋಸ್ ಕುಕ್ಕಿ ಮಕ್ಕಳಿಗೆ ಜಾದೂ ಇದ್ದ ಹಾಗೆ. ಕೇರಳದ ಮನೆಗಳಲ್ಲಿ ಇದೇ ಅಚ್ಚಪ್ಪಂ. ಉದ್ದ ಹಿಡಿಯ ಹಿತ್ತಾಳೆ ಅಚ್ಚು, ಅಕ್ಕಿಹಿಟ್ಟು, ಮೈದಾ, ಮೊಟ್ಟೆ, ಸಕ್ಕರೆ, ತೆಂಗಿನಹಾಲು, ಎಳ್ಳು ಸೇರಿಸಿದ ತೆಳು ಹಿಟ್ಟು. ಮೊಟ್ಟೆ ಬೇಡದವರು ಬಿಡಬಹುದು, ಗರಿಗರಿ ಏನೂ ಕಮ್ಮಿ ಆಗಲ್ಲ. ಗುಟ್ಟು ಇರುವುದು ಅಚ್ಚಿನಲ್ಲಿ. ಅಚ್ಚು ಮೊದಲು ಎಣ್ಣೆಯಲ್ಲೇ ಕಾಯಬೇಕು. ಕಾದ ಅಚ್ಚನ್ನು ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದ ಮುಚ್ಚಿಕೊಂಡು, ಹೂವು ಅಚ್ಚು ಬಿಟ್ಟು ಬರುವುದೇ ಇಲ್ಲ. ಎಣ್ಣೆಯಲ್ಲಿ ಹಿಡಿದು ನಿಧಾನ ಅಲ್ಲಾಡಿಸಿದರೆ ಹೂ ತಾನಾಗಿಯೇ ಕಳಚಿ ತೇಲುತ್ತದೆ. ಮಕ್ಕಳು ಚಪ್ಪಾಳೆ ತಟ್ಟುವುದು ಆ ಕ್ಷಣಕ್ಕೆ. ಸಣ್ಣ ಮಕ್ಕಳನ್ನು ಒಲೆಯಿಂದ ನಾಲ್ಕು ಮಾರು ದೂರ ಕೂರಿಸಿ, ತಣ್ಣಗಾದ ಹೂಗಳನ್ನು ಡಬ್ಬಿಗೆ ತುಂಬುವ ಕೆಲಸ ಕೊಡಿ. ಒಡೆದದ್ದು ಅವರಿಗೇ ಅಂದರೆ ಒಂದಿಷ್ಟು ಬೇಕಂತಲೇ ಒಡೆಯುತ್ತವೆ, ಒಡೆಯಲಿ ಬಿಡಿ.

ಕೇಕಿನ ವಿಷಯಕ್ಕೆ ಬಂದರೆ, ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ತಯಾರಾದದ್ದು 1883ರಲ್ಲಿ, ತಲಶ್ಶೇರಿಯ ಮಂಬಳ್ಳಿ ಬಾಪು ಅವರ ಬೇಕರಿಯಲ್ಲಿ ಅಂತ ಹೇಳುತ್ತಾರೆ. ಬ್ರಿಟಿಷ್ ತೋಟದ ಮಾಲೀಕರೊಬ್ಬರು ವಿಲಾಯಿತಿಯಿಂದ ತಂದ ಕೇಕ್ ತೋರಿಸಿ ಇಂಥದ್ದು ಮಾಡಿಕೊಡು ಅಂದರಂತೆ. ನಮ್ಮ ಕಾಲೊನಿಯಲ್ಲಿ ಓವನ್ ಇದ್ದ ಮನೆ ತೀರಾ ಕಡಿಮೆ. ಆಂಟಿಗೂ ಓವನ್ ಬಂದದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ಅದಕ್ಕೆ ಮೊದಲು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಕಿ, ಕಾಯಿಸಿ, ಮಧ್ಯೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಕೇಕಿನ ಡಬ್ಬಿ ಇಟ್ಟು ಮುಚ್ಚುತ್ತಿದ್ದರು. ಒಂದು ಗಂಟೆ ಸಣ್ಣ ಉರಿ. ಮುಚ್ಚಳ ಎತ್ತಿ ಇಣುಕಿದರೆ ಕೇಕ್ ಕುಸಿಯುತ್ತೆ ಅಂತ ಹೆದರಿಸಿ ನಮ್ಮನ್ನೆಲ್ಲ ಅಂಗಳಕ್ಕೆ ಅಟ್ಟುತ್ತಿದ್ದರು. ಒಣಹಣ್ಣನ್ನು ರಮ್‌ನಲ್ಲಿ ನೆನೆಸುವುದು ರೂಢಿ, ಆದರೆ ಅಕ್ಕಪಕ್ಕದ ಮನೆಗೆ ಕೊಡುವ ಕೇಕಿಗೆ ಆಂಟಿ ಕಿತ್ತಳೆ ರಸದಲ್ಲೇ ನೆನೆಸುವುದು. ಮೊಟ್ಟೆ ತಿನ್ನದ ಮನೆಗಳಿಗೆ ಮೊಸರು ಹಾಕಿ ಬೇರೆ ಕೇಕ್. ಯಾವ ಮನೆಗೆ ಯಾವುದು ಅನ್ನುವ ಪಟ್ಟಿ ಇವತ್ತಿಗೂ ಅವರ ತಲೆಯಲ್ಲೇ ಇದೆ.

ತಿಂಡಿ ಆಯಿತು, ಇನ್ನು ನಕ್ಷತ್ರ. ಅಂಗಡಿಯಲ್ಲಿ ಮಡಚುವ ಪೇಪರ್ ಸ್ಟಾರ್ ಸಿಗುತ್ತವೆ, ಚಂದವೂ ಇರುತ್ತವೆ. ಆದರೆ ಬಿದಿರು ಕಡ್ಡಿಯ ನಕ್ಷತ್ರ ಕಟ್ಟುವುದು ಮಕ್ಕಳಿಗೆ ಒಂದು ದಿನದ ಆಟ. ಒಂದೇ ಅಳತೆಯ 10 ಕಡ್ಡಿ ಬೇಕು. ಐದೈದು ಕಡ್ಡಿಯಿಂದ ಎರಡು ಐದು ಮೂಲೆಯ ನಕ್ಷತ್ರ ಕಟ್ಟಿ, ಒಂದರ ಮೇಲೊಂದು ಇಟ್ಟು, ಐದೂ ತುದಿಗಳನ್ನು ದಾರದಿಂದ ಬಿಗಿಯಿರಿ. ಒಳಗಡೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗ ಇರುತ್ತವಲ್ಲ, ಅಲ್ಲಿ ಎರಡೂ ನಕ್ಷತ್ರಗಳ ನಡುವೆ ಗೇಣಿಗಿಂತ ಸಣ್ಣ ಕಡ್ಡಿ ಒಂದೊಂದು ಸಿಕ್ಕಿಸಿದರೆ ಹೊಟ್ಟೆ ಉಬ್ಬಿಕೊಳ್ಳುತ್ತೆ. ಮೇಲೆ ಗಾಳಿಪಟದ ಕಾಗದ, ಒಳಗೆ ಎಲ್‌ಇಡಿ ಬಲ್ಬು. ಹಳೆಯ ಬಲ್ಬು ಹಾಕಬೇಡಿ, ಬಿಸಿಗೆ ಕಾಗದ ಹೊತ್ತಿಕೊಳ್ಳುತ್ತೆ. ಐದು ಮೂಲೆಯನ್ನು ಮಕ್ಕಳು ಸರಿಯಾಗಿ ಕಟ್ಟಲಾರರು, ಒಂದು ಕಾಲು ಗಿಡ್ಡ ಆಗಿಯೇ ಆಗುತ್ತೆ. ನಮ್ಮದೂ ಹಾಗೇ ಆಯಿತು. ಗಿಡ್ಡ ಕಾಲನ್ನು ಗೋಡೆಯ ಕಡೆ ತಿರುಗಿಸಿ ತೂಗು ಹಾಕಿದೆವು.

“ಇದಕ್ಕೆ ಕರೆಂಟು ಎಲ್ಲಿಂದ ಬರುತ್ತೆ?” ಅಂದಳು ಮಗಳು. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಸ್ವಿಚ್ ತೋರಿಸಿ ಸುಮ್ಮನಾಗಬೇಕು. ಇಲ್ಲಿ ಕಣಿವೆಯ ಕಡೆ ಕೈ ತೋರಿಸಬಹುದು. ಜೋಯಿಡಾ ತಾಲ್ಲೂಕಿನ ಡಿಗ್ಗಿ ಹತ್ತಿರ ಹುಟ್ಟುವ ಕಾಳಿ, ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯ ಹಿಂದೆ ನಿಲ್ಲುತ್ತಾಳೆ. 101 ಮೀಟರ್ ಎತ್ತರದ ಅಣೆಕಟ್ಟೆ. ಅಲ್ಲಿ 50 ಮೆಗಾವ್ಯಾಟ್‌ನ ಎರಡು ಯೂನಿಟ್ ತಿರುಗಿಸಿ, ಕೆಳಗೆ ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಅಲ್ಲಿಂದ ಸುರಂಗದೊಳಗೆ ಹೊಕ್ಕು, ಬೆಟ್ಟದ ಇಳಿಜಾರಿನ ದಪ್ಪ ಪೈಪುಗಳಲ್ಲಿ ಧುಮುಕಿ ನಾಗಝರಿಯ ಆರು ಯೂನಿಟ್‌ಗಳನ್ನು ತಿರುಗಿಸುತ್ತಾಳೆ. 150 ಮೆಗಾವ್ಯಾಟ್‌ನ ಒಂದು ಯೂನಿಟ್ ಪೂರ್ತಿ ಓಡಿದರೆ, 5 ವ್ಯಾಟ್‌ನ ಇಂಥ ನಕ್ಷತ್ರ ಮೂರು ಕೋಟಿ ಉರಿಯಬಹುದು. ಈ ಲೆಕ್ಕ ಅಣ್ಣನ ಮಗನಿಗೆ ಬಹಳ ಹಿಡಿಸಿತು. ಎರಡು ದಿನ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಅಂಕಲ್ ಮಾತ್ರ ನಕ್ಕರು. ಅವರ ಎಷ್ಟೋ ಕ್ರಿಸ್‌ಮಸ್ ಪವರ್‌ಹೌಸಿನ ಒಳಗೇ ಕಳೆದದ್ದು. ಯಂತ್ರಕ್ಕೆ ಹಬ್ಬ ಇಲ್ಲ, ನೈಟ್ ಶಿಫ್ಟ್ ಬಂದರೆ ಬಂತು. ಅಪ್ಪ ಮತ್ತು ಅವರ ನಡುವೆ ಒಂದು ಒಪ್ಪಂದ ಇತ್ತು. ಡಿಸೆಂಬರ್ 24ರ ರಾತ್ರಿ ಆದಷ್ಟೂ ಅಪ್ಪ ಅವರ ಶಿಫ್ಟ್ ಮಾಡುವುದು, ದೀಪಾವಳಿ ಅಮಾವಾಸ್ಯೆಯ ರಾತ್ರಿ ಅಂಕಲ್ ಅಪ್ಪನದು. ಬದಲಿ ಸಿಗದ ವರ್ಷ ಆಂಟಿ ಟಿಫಿನ್ ಕ್ಯಾರಿಯರ್‌ನಲ್ಲಿ ಕುಸ್ವಾರ್ ತುಂಬಿ ಕಳಿಸುತ್ತಿದ್ದರಂತೆ, ಶಿಫ್ಟಿನವರಿಗೆಲ್ಲ ಸಾಲುವಷ್ಟು.

ಇನ್ನು ಗೋದಲಿ. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಸಣ್ಣ ಮಾದರಿಗೆ ಮಂಗಳೂರಿನ ಕ್ರೈಸ್ತರು ಗೋದಲಿ ಅನ್ನುತ್ತಾರೆ. ನಮ್ಮ ಧಾರವಾಡ ಕಡೆ ದನಕ್ಕೆ ಮೇವು ಹಾಕುವ ಜಾಗಕ್ಕೆ ಗ್ವಾದ್ಲಿ ಅನ್ನುವುದು ಇದೇ ಶಬ್ದ. 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನುವ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಈ ದೃಶ್ಯ ಮಾಡಿದ್ದರಿಂದ ಈ ಪದ್ಧತಿ ಬೆಳೆಯಿತು. ಕಾಲೊನಿ ಗೋದಲಿಯಲ್ಲಿ ನಿಜವಾದ ಪ್ರಾಣಿ ಇಲ್ಲ, ನಿಜವಾದ ಹೊಲ ಇದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ, ಗೋಧಿ ಚೆಲ್ಲುತ್ತಾರೆ. ದಸರಾದಲ್ಲಿ ನಾವು ಘಟ್ಟ ಹಾಕಿದ ಹಾಗೆಯೇ. ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದ ಹಸಿರು. ಅದರ ನಡುವೆ ಕನ್ನಡಿ ಚೂರು ಇಟ್ಟು ಕೆರೆ ಮಾಡುವುದು, ಸುತ್ತ ಮರಳು ಹಾಕಿ ದಾರಿ ಮಾಡುವುದು ಮಕ್ಕಳ ಕೆಲಸ. ನಮ್ಮ ಕಾಲೊನಿಯ ಹಳೆಯ ಸಂಪ್ರದಾಯ ಇನ್ನೊಂದಿದೆ, ಗೋದಲಿಯಲ್ಲಿ ಕಡ್ಡಾಯವಾಗಿ ಒಂದು ಅಣೆಕಟ್ಟು ಇರಲೇಬೇಕು! ಬೆತ್ಲೆಹೆಮಿನಲ್ಲಿ ಅಣೆಕಟ್ಟು ಎಲ್ಲಿತ್ತು ಅಂತ ಯಾರೂ ಕೇಳಿದ್ದಿಲ್ಲ. ಈ ಸಲ ಥರ್ಮೋಕೋಲ್ ಬೇಡ ಅಂತ ಬೆಂಕಿಪೆಟ್ಟಿಗೆಗೆ ಮಣ್ಣು ಮೆತ್ತಿ ಕಟ್ಟಿದೆವು. ಕಾಡಿನಿಂದ ಪಾಚಿ, ಕೊಂಬೆ ತರುವುದು ಹಿಂದೆ ಇತ್ತು, ಈಗ ಇಲ್ಲ. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ನೀವು ಬಂದರೂ ಅಲ್ಲಿಯ ಎಲೆ ಕೀಳಬೇಡಿ, ಪಟಾಕಿ ತರಬೇಡಿ. ಬೆಳಗಾವಿಯ ಹಾಗೆ ಡಿಸೆಂಬರ್ 31ಕ್ಕೆ ‘ಓಲ್ಡ್ ಮ್ಯಾನ್’ ಸುಡುವ ಆಸೆ ಮಕ್ಕಳಿಗಿತ್ತು, ಅದೂ ಇಲ್ಲಿ ಬೇಡ ಅಂದೆವು.

24ರ ಮಧ್ಯಾಹ್ನ ತಟ್ಟೆ ಹಂಚುವ ಕೆಲಸ. ಸ್ಟೀಲ್ ತಟ್ಟೆಯಲ್ಲಿ ಎಲ್ಲ ತರಹದ್ದೂ ಎರಡೆರಡು, ಮೇಲೆ ಕ್ರೋಶಾ ಹೆಣೆದ ಬಟ್ಟೆ. ತಟ್ಟೆ ಖಾಲಿ ವಾಪಸ್ ಬರಬಾರದು ಅನ್ನುವುದು ಕಾಲೊನಿಯ ನಿಯಮ. ಒಬ್ಬರು ಸಕ್ಕರೆ ಹಾಕಿ ಕೊಡುತ್ತಾರೆ, ಒಬ್ಬರು ಅಂಗಳದ ದಾಸವಾಳ, ಒಬ್ಬರು ಎರಡು ಬಾಳೆಹಣ್ಣು. ನಾನು ಸಣ್ಣವಳಿದ್ದಾಗ ನಮ್ಮ ಸಾಲು ಮತ್ತು ಹಿಂದಿನ ಸಾಲು ಸೇರಿ ಇಪ್ಪತ್ತೆರಡು ತಟ್ಟೆ. ಈ ಸಲ ಮಕ್ಕಳಿಬ್ಬರೂ ಹೊತ್ತು ತಿರುಗಿದ್ದು ಒಂಬತ್ತು. ಎಷ್ಟೋ ಮನೆಗೆ ಬೀಗ, ಬಾಗಿಲ ಮುಂದೆ ಒಣಗಿದ ಎಲೆಯ ರಾಶಿ. ಹಳಬರು ನಿವೃತ್ತರಾಗಿ ಹೋಗುತ್ತಿದ್ದಾರೆ, ಇರುವವರಲ್ಲೂ ಹಲವರು ಮಕ್ಕಳ ಓದಿಗೆ ಅಂತ ಸಂಸಾರ ಹುಬ್ಬಳ್ಳಿ, ಧಾರವಾಡದಲ್ಲಿ ಇಟ್ಟಿದ್ದಾರೆ. “ಈ ಮನೇಲಿ ಯಾರಿಲ್ವಾ?” “ಈ ಮನೇಲಿ?” ಅಂತ ಮಗಳು ಪ್ರತಿ ಬೀಗದ ಮುಂದೆ ನಿಂತು ಕೇಳಿದಳು. ಒಂದೊಂದು ಬೀಗಕ್ಕೂ ನನಗೆ ಒಂದೊಂದು ಹೆಸರು ಗೊತ್ತಿತ್ತು. ಹೇಳಿಕೊಂಡು ಹೋದೆ.

ರಾತ್ರಿ ಅಂಗಳದಲ್ಲಿ ಹೌಸಿ. ಕೊಂಕಣಿ ಮನೆಯ ಹಬ್ಬ ಅಂದ ಮೇಲೆ ಹೌಸಿ ಇಲ್ಲದೆ ಮುಗಿಯುವುದಿಲ್ಲ. ಅಂಕಲ್ ನಂಬರ್ ಕೂಗುವುದು ಕೊಂಕಣಿ, ಕನ್ನಡ, ಹಿಂದಿ ಮೂರರಲ್ಲೂ. ಬಹುಮಾನ ದುಡ್ಡಲ್ಲ, ಅಡುಗೆಮನೆ ಸಾಮಾನು: ಸೋಸುವ ಜಾಲರಿ, ಲಟ್ಟಣಿಗೆ, ಉಪ್ಪಿನ ಭರಣಿ. ಮೊದಲಿಗೆ ನಾನು ತಮಾಷೆಗೆ ಅಂದುಕೊಂಡೆ. ಎರಡನೆಯ ಸುತ್ತಿಗೆ ಅರ್ಥ ಆಯಿತು, ಆಂಟಿ ಮನೆ ಖಾಲಿ ಮಾಡುತ್ತಿದ್ದರು. ಆಮೇಲೆ ಚಮಚದಲ್ಲಿ ನಿಂಬೆಹಣ್ಣು, ಗೋಣಿಚೀಲದ ಓಟ. ಬೈಕ್ ಮೇಲೆ ಸಾಂತಾ ಬಂದ, ಗಡ್ಡ ಹತ್ತಿಯದು, ಕಾಲಲ್ಲಿ ಪವರ್‌ಹೌಸಿನ ಸೇಫ್ಟಿ ಶೂ. ಅಣ್ಣನ ಮಗ ಶೂ ನೋಡಿ ನನ್ನ ಕಿವಿಯಲ್ಲಿ, “ಅತ್ತೆ, ಸಾಂತಾ ಇಲ್ಲೇ ಕೆಲಸ ಮಾಡ್ತಾರೆ” ಅಂದ. ತಂಗಿಗೆ ಮಾತ್ರ ಹೇಳಲಿಲ್ಲ.

ಹಬ್ಬದ ಮರುದಿನ ಮಕ್ಕಳನ್ನು ಗಣೇಶಗುಡಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಮಂಗಟ್ಟೆ ಹಕ್ಕಿ ಕಂಡರೆ ವಾಹನ ನಿಲ್ಲಿಸಿ ಸುಮ್ಮನೆ ಕೂರಬೇಕು. ರೆಕ್ಕೆ ಬಡಿಯುವ ಸದ್ದು ಸಣ್ಣ ಉಗಿಬಂಡಿ ಹೋದ ಹಾಗೆ. ಮರಿ ಮಾಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತೆ, ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡುತ್ತೆ. ಕವಳಾ ಗುಹೆ ಹತ್ತಿರವೇ ಇದೆ, ಆದರೆ ಮೆಟ್ಟಿಲು ಬಹಳ, ಐದು ವರ್ಷದವರನ್ನು ವಾಪಸ್ ಬರುವಾಗ ಹೊರಲೇಬೇಕು. ಪವರ್‌ಹೌಸ್, ಸೈಕ್ಸ್ ಪಾಯಿಂಟ್ ಕಡೆಗೆ ಮೊದಲೇ ವಿಚಾರಿಸಿ, ಅನುಮತಿ ಇದ್ದರೆ ಹೋಗಿ.

ಸೂಪಾ ಹಿನ್ನೀರು ನೋಡುವಾಗ ಸುಮ್ಮನಿರಲು ಆಗುವುದಿಲ್ಲ. ಆ ನೀರಿನ ಕೆಳಗೆ ಸೂಪಾ ಅನ್ನುವ ಊರೇ ಇದೆ. ತಾಲ್ಲೂಕಿನ ಮುಖ್ಯ ಊರಾಗಿತ್ತು, ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಹೋದವು, ಜನ ರಾಮನಗರದಂಥ ಕಡೆ ಹೋಗಿ ನೆಲೆಸಿದರು. ಅವರದು ಸ್ವಂತ ಮನೆ, ಸ್ವಂತ ಗದ್ದೆ, ದೇವಸ್ಥಾನ, ಸಂತೆ. ನಾವು ಕಾಲೊನಿಯವರು ಕ್ವಾರ್ಟರ್ಸ್ ಬಿಡುವಾಗ ಅಳುತ್ತೇವೆ, ಆದರೆ ನಮಗೆ ಪಿಂಚಣಿ, ಭವಿಷ್ಯ ನಿಧಿ ಇರುತ್ತೆ, ಬಿಡುವ ತಾರೀಖು ಮೂವತ್ತು ವರ್ಷ ಮೊದಲೇ ಗೊತ್ತಿರುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಮ ಕಾಲೊನಿ ಇದ್ದದ್ದೇ ಆ ನೀರಿನ ದೆಸೆಯಿಂದ.

ವಾಪಸ್ ಬರುವಾಗ ಹಳಿಯಾಳದಲ್ಲಿ ಆಂಟಿಯ ತವರಿನಲ್ಲಿ ಒಂದು ರಾತ್ರಿ ಉಳಿದೆವು. ಅಲ್ಲಿ ಮಕ್ಕಳಿಗೆ ಹೊದೆಯಲು ಕೊಟ್ಟದ್ದು ಕವಂದಿ, ಸಿದ್ದಿ ಹೆಂಗಸರು ಹಳೆ ಬಟ್ಟೆ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಹೊಲಿಯುತ್ತ ಬರುವ ಕೌದಿ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇರುತ್ತೆ, ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ ಅನ್ನುತ್ತಾರೆ. ಪೋರ್ಚುಗೀಸರು ಮತ್ತಿತರರು ಆಫ್ರಿಕಾದಿಂದ ಗುಲಾಮರಾಗಿ ತಂದವರು, ಗೋವಾದಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಸಿದ್ದಿಗಳ ಪೂರ್ವಿಕರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮಗಳು ಮೂಲೆಯ ಹೂವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದಳು. ಕೊಳ್ಳುವ ಮನಸ್ಸಿದ್ದರೆ ಹೊಲಿದವರಿಂದಲೇ ಕೇಳಿ ಪಡೆಯಿರಿ, ಚೌಕಾಸಿ ಮಾಡಬೇಡಿ. ಒಂದು ಕವಂದಿಗೆ ಎಷ್ಟು ದಿನದ ಹೊಲಿಗೆ ಅನ್ನುವುದು ಕೈಯಲ್ಲಿ ಹಿಡಿದರೆ ತಿಳಿಯುತ್ತೆ.

ಆಂಟಿ-ಅಂಕಲ್ ದಾಂಡೇಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದಾರೆ. ಅಡುಗೆಮನೆ ಸಣ್ಣದು, ಓವನ್ ಇಡಲು ಜಾಗ ಇಲ್ಲ, ಮರಳಿನ ಪಾತ್ರೆಗೇ ವಾಪಸ್ ಅಂತ ಅವರೇ ನಗುತ್ತ ಹೇಳಿದರು. ನಾವು ಹೊರಡುವ ಮುಂಚೆ ಆ ಹಳೆಯ ಬಿಸ್ಕೆಟ್ ಡಬ್ಬಿ ತೆಗೆದರು. ನಾಲ್ಕು ಬಾಚಣಿಗೆ, ರೋಸ್ ಕುಕ್ಕಿಯ ಎರಡು ಅಚ್ಚು, ಹಲ್ಲಿನ ಚಕ್ರ. ಒಂದು ಅಚ್ಚು, ಎರಡು ಬಾಚಣಿಗೆ ನನಗೆ ಕೊಟ್ಟರು. ಚಕ್ರ ಮಾತ್ರ ಕೊಡಲಿಲ್ಲ.

“ಅದು ನಿಮ್ಮಮ್ಮಂದು ಅಂತ ಅವಳು ಅಂತಾಳೆ, ನಂದು ಅಂತ ನಾನು. ಬೇಕಾದರೆ ದೀಪಾವಳಿಗೆ ದಾಂಡೇಲಿಗೆ ಬಂದು ಇಸ್ಕೊಂಡು ಹೋಗಲಿ.”

ಧಾರವಾಡಕ್ಕೆ ಬಂದು ಅಮ್ಮನಿಗೆ ಈ ಮಾತು ಮುಟ್ಟಿಸಿದೆ. “ಅಕಿ ಹಂಗ ಅಂದ್ಲಾ?” ಅಂದವರು ಒಳಗೆ ಹೋಗಿ ಕ್ಯಾಲೆಂಡರ್ ತೆಗೆದು, ಮುಂದಿನ ವರ್ಷದ ದೀಪಾವಳಿ ಯಾವಾಗ ಅಂತ ನೋಡುತ್ತ ನಿಂತರು.